ಗೋಫಾ ಸಾಲಿನ ಯೆಶಿಮೆಬೆತ್

ಸ್ಟೇಡಿಯಂ ಸ್ಟಾಪಿನಲ್ಲಿ ಟ್ರಾಮ್ ಇಳಿದು ಮೆಟ್ಟಿಲ ಹತ್ತಿರ ಬರುವಷ್ಟರಲ್ಲೇ ಯೆಶಿಮೆಬೆತ್‌ಳ ದನಿ ಕಿವಿಗೆ ಬೀಳುತ್ತದೆ.

"ಗೋಫಾ, ಗೋಫಾ, ಗೋಫಾ! ಸಾಲಲ್ಲಿ ನಿಂತ್ಕೊಳ್ರಿ, ಇದು ನಿಮ್ಮಪ್ಪನ ಹಿತ್ತಲಲ್ಲ!"

ಅಡಿಸ್ ಅಬಾಬಾದ ಹಸಿರು ಲೈನು, ನೀಲಿ ಲೈನು ಎರಡೂ ಒಂದೇ ಹಳಿಯ ಮೇಲೆ ಓಡುವ ಜಾಗ ಇದು. ಮೇಲೆ ಟ್ರಾಮು, ಕೆಳಗೆ ಕಂಬಗಳ ನೆರಳಲ್ಲಿ ನೀಲಿ ಬಿಳಿ ಬಣ್ಣದ ಮಿನಿಬಸ್ಸುಗಳು. ಊರಿನವರಿಗೆ ಅವು ಟ್ಯಾಕ್ಸಿಗಳೇ. ಟ್ಯಾಕ್ಸಿಗೆ ಬೋರ್ಡಿಲ್ಲ, ನಂಬರಿಲ್ಲ, ಬಾಗಿಲಲ್ಲಿ ಜೋತಾಡುವ ಹುಡುಗ ಯಾವ ಬಡಾವಣೆಯ ಹೆಸರು ಕೂಗುತ್ತಾನೋ ಅದು ಆ ಕಡೆ ಹೋಗುತ್ತದೆ. ಬೋಲೆಗೆ ಹೋಗುವವರ ಸಾಲು ಒಂದು ಕಂಬಕ್ಕೆ, ಸಾರಿಸ್‌ಗೆ ಹೋಗುವವರದು ಇನ್ನೊಂದಕ್ಕೆ. ಜೋಳ ಸುಡುವವಳ ಒಲೆಯಿಂದ ಹೊರಟು, ಶೂ ಪಾಲಿಶ್‌ನವರನ್ನು ಸುತ್ತಿ, ಗೋಡೆಯುದ್ದಕ್ಕೂ ಹಾವಿನಂತೆ ಮಲಗಿರುವುದು ಗೋಫಾ ಸಾಲು. ಅದು ಯೆಶಿಮೆಬೆತ್‌ಳದು. ಅಂದರೆ ಆ ಸಾಲಿನಲ್ಲಿ ಯಾರು ಮೊದಲು, ಯಾರು ಕೊನೆ ಎಂದು ಹೇಳುವ ಹಕ್ಕು ಅವಳದು.

ಆ ಹಕ್ಕನ್ನು ಅವಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಗಂಡ ಇದೇ ದಾರಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ, ಹೃದಯ ನಿಂತು ಹೋಗಿಬಿಟ್ಟ. ಆಮೇಲೆ ಅವಳು ಮೆಟ್ಟಿಲ ಬುಡದಲ್ಲಿ ಹುರಿದ ಬಾರ್ಲಿ, ಕಡಲೆ ಮಾರುತ್ತ ಕೂತಿದ್ದಳು. ಆಗ ಗೋಫಾಕ್ಕೆ ಸಾಲೇ ಇರಲಿಲ್ಲ. ಟ್ಯಾಕ್ಸಿ ಬಂತೆಂದರೆ ನುಗ್ಗಾಟ, ಗುದ್ದಾಟ, ಕಿತ್ತುಹೋದ ಅಂಗಿ ಗುಂಡಿಗಳು. ಒಂದು ದಿನ ಆ ಗುಂಪು ಅವಳ ಬುಟ್ಟಿಯನ್ನೇ ತುಳಿದು ಹಾಕಿತು. ಅವಳು ಎದ್ದು, ಕೈಗೆ ಸಿಕ್ಕ ಕೊಡೆ ಹಿಡಿದು, ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿದಳು. ಸಿಟ್ಟಿನಿಂದ ಮಾಡಿದ ಕೆಲಸ. ಮರುದಿನ ಬಂದರೆ ಜನ ತಾವಾಗಿಯೇ ಗೋಡೆಗೆ ನಿಂತಿದ್ದರು! ಕೆಲವು ದಿನಗಳಲ್ಲಿ ಡ್ರೈವರುಗಳ ಸಂಘದವರು ಅವಳಿಗೊಂದು ಹಳದಿ ಅಂಗಿ ತಂದುಕೊಟ್ಟರು. ಬಾರ್ಲಿ ಬುಟ್ಟಿ ಮನೆಯ ಅಟ್ಟ ಸೇರಿತು.

ಸಾಲಿಗೂ ಕೆಲವು ರಿಯಾಯಿತಿಗಳಿವೆ. ಬಸುರಿಯರು ಮುಂದೆ. ಕೋಲು ಹಿಡಿದ ಮುದುಕರು ಕೇಳಿದರೆ ಮುಂದೆ. ಸಾವಿನ ಮನೆಗೆ ಹೊರಟವರು ಕೇಳದಿದ್ದರೂ ಮುಂದೆ, ಅವರನ್ನು ನಿಲ್ಲಿಸಿಕೊಳ್ಳುವುದು ಸಾಲಿಗೇ ಪಾಪ. ಇದು ಗೊತ್ತಾದ ಮೇಲೆ ಊರಲ್ಲಿ ಸಾಯುವವರು ಜಾಸ್ತಿಯಾದರು. ಬೆಳಿಗ್ಗೆ ಆಫೀಸಿಗೆ ಲೇಟಾದವರಿಗೆಲ್ಲ ಗೋಫಾದಲ್ಲಿ ಒಬ್ಬೊಬ್ಬ ಚಿಕ್ಕಪ್ಪ ಸಾಯತೊಡಗಿದ.

ಆದರೆ ಸಾಲಿನವರೆಲ್ಲ ಯೆಶಿ ಎಂದು ಕರೆಯುವ ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ. ಅವಳು ನೋಡುವುದು ಮುಖವನ್ನಲ್ಲ, ಶಾಲನ್ನು. ನೆತೆಲಾ ಎನ್ನುವ ತೆಳು ಬಿಳಿ ಶಾಲು ಎಲ್ಲರ ಮೈಮೇಲೂ ಇರುತ್ತದೆ, ಅದಕ್ಕೊಂದು ಬಣ್ಣದ ಅಂಚು. ಹಬ್ಬಕ್ಕೆ, ನೆಂಟರ ಮನೆಗೆ ಹೋಗುವಾಗ ಅಂಚು ಕೆಳಗೆ, ಕಾಲ ಕಡೆ. ಸಾವಿಗೆ ಹೋಗುವಾಗ ಶಾಲನ್ನು ತಿರುಗಿಸಿ ಅಂಚನ್ನು ಕುತ್ತಿಗೆಗೆ ಸುತ್ತಿಕೊಳ್ಳಬೇಕು. ಸುಳ್ಳುಗಾರರು ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾರೆ, ಅಂಚು ತಿರುಗಿಸಲು ಮರೆಯುತ್ತಾರೆ. ಯೆಶಿ ಅಂಥವರನ್ನು ಸುಮ್ಮನೆ ವಾಪಸು ಕಳಿಸುವುದಿಲ್ಲ, ನಾಲ್ಕು ಮಾತು ಆಡಿಯೇ ಕಳಿಸುತ್ತಾಳೆ. ಕಾದು ಕಾದು ಬೇಸತ್ತ ಸಾಲಿಗೆ ಅದೊಂದು ಮನರಂಜನೆ.

ಆ ಭಾನುವಾರ ಅವಳು ಕೆಲಸಕ್ಕೆ ಬರಬಾರದಿತ್ತು. ಮಧ್ಯಾಹ್ನ ಮಗಳು ತಿರ್ಸಿತ್‌ಳನ್ನು ಕೇಳಲು ಗಂಡಿನ ಕಡೆಯ ಹಿರಿಯರು ಮನೆಗೆ ಬರುವವರಿದ್ದರು. ಹುಡುಗ ಬೆಹಾಯ್ಲು, ಊರಿನ ಇನ್ನೊಂದು ತುದಿಯ ಅಯಾತ್ ಕಡೆಯವನು, ಔಷಧಿ ಅಂಗಡಿಯಲ್ಲಿ ತಿರ್ಸಿತ್ ಜೊತೆಗೇ ಕೆಲಸ ಮಾಡುವವನು. ಇಬ್ಬರೂ ಒಪ್ಪಿ ಎಷ್ಟೋ ಕಾಲವಾಗಿತ್ತು. ಆದರೆ ಹಿರಿಯರು ಬಂದು, ಹೊಸ್ತಿಲಲ್ಲಿ ನಿಂತು, ಬಾಯಿ ಬಿಟ್ಟು ಕೇಳಿ, ಈ ಕಡೆಯವರು "ಕೊಟ್ಟೆವು" ಅನ್ನುವ ತನಕ ಆ ಒಪ್ಪಿಗೆಗೆ ಬೆಲೆಯಿಲ್ಲ. ಕೊಡುತ್ತೇವೆ ಎನ್ನುವವರೆಗೆ ಹಿರಿಯರು ಕೂರುವಂತೆಯೂ ಇಲ್ಲ, ನೀರು ಮುಟ್ಟುವಂತೆಯೂ ಇಲ್ಲ. ಬಂದ ಕೆಲಸವನ್ನು ದಾರಿಯಲ್ಲಿ ಯಾರಿಗೂ ಹೇಳುವಂತಿಲ್ಲ.

ಆದರೆ ಅವಳ ಜೊತೆ ಸಾಲು ಕಾಯುವ ಸೊಲೊಮೊನ್ ಬೆಳಿಗ್ಗೆ ಚರ್ಚಿಗೆ ಹೋಗಬೇಕು, ಮಧ್ಯಾಹ್ನದ ಹೊತ್ತಿಗೆ ಬಂದುಬಿಡುತ್ತೇನೆ ಅಂದ. ತಿಂಗಳ ಕೊನೆಯ ಭಾನುವಾರ ಬೇರೆ, ದೊಡ್ಡ ರಸ್ತೆಗಳಲ್ಲಿ ಕಾರು ಬಿಡದ ದಿನ. ಮಕ್ಕಳು ರಸ್ತೆ ಮಧ್ಯೆ ಚೆಂಡಾಡುತ್ತಿರುತ್ತಾರೆ, ಕಾರಿನವರೂ ಟ್ರಾಮಿಗೆ ಬರುತ್ತಾರೆ, ಟ್ಯಾಕ್ಸಿಗಳು ಹಿಂದಿನ ಓಣಿಗಳಲ್ಲಿ ಸುತ್ತಿ ತಡವಾಗಿ ಬರುತ್ತವೆ. ಸಾಲನ್ನು ಹಾಗೇ ಬಿಟ್ಟರೆ ಮತ್ತೆ ಗುಂಡಿ ಕೀಳುವ ಕಾಲ ಬರುತ್ತದೆ. ಕೋಳಿ ಸಾರಿನ ಈರುಳ್ಳಿ ಹುರಿಯುವ ಕೆಲಸವನ್ನು ಪಕ್ಕದ ಮನೆಯ ಎತಗೆನ್‌ಗೆ ವಹಿಸಿ ಯೆಶಿ ಬಂದುಬಿಟ್ಟಳು.

ಟ್ರಾಮಿನಿಂದ ಮೂವರು ಮುದುಕರು ಇಳಿದು ಬಂದದ್ದು ಸಾಲು ಎರಡು ಸುತ್ತು ಸುತ್ತಿದ್ದ ಹೊತ್ತಿನಲ್ಲಿ. ಒಬ್ಬ ಎತ್ತರ, ನೇರ ಬೆನ್ನು, ಮಾತಿಲ್ಲ. ಒಬ್ಬ ಸಣಕಲ, ಅವನಿಗೂ ಮಾತಿಲ್ಲ. ಮೂರನೆಯವನು ಗುಂಡಗೆ, ಮೂವರ ಮಾತನ್ನೂ ಅವನೇ ಆಡುತ್ತಿದ್ದ. ಅವನೇ ಸೀದಾ ಯೆಶಿಯ ಹತ್ತಿರ ಬಂದ.

"ತಾಯಿ, ನಮ್ಮನ್ನ ಸ್ವಲ್ಪ ಮುಂದೆ ಬಿಟ್ಬಿಡಮ್ಮ. ತಡ ಆಗ್ತಿದೆ."

"ಇಲ್ಲಿ ಯಾರಿಗೆ ಬೇಗ ಆಗಿದೆ ಗಾಶೆ? ಎಲ್ಲರಿಗೂ ತಡಾನೇ."

ಗಾಶೆ ಎಂದರೆ ಅಣ್ಣ ಅನ್ನುವಂಥ ಮರ್ಯಾದೆಯ ಮಾತು. ಅಲ್ಲಿಗೇ ಅವನು "ವಯಸ್ಸಾಗಿದೆಯಮ್ಮ" ಅಂದಿದ್ದರೆ ಮೂವರನ್ನೂ ಮುಂದೆ ಕೂರಿಸುತ್ತಿದ್ದಳು. ಆದರೆ ಗುಂಡಗಿನವನು ಅತ್ತಿತ್ತ ನೋಡಿ, ದನಿ ಇಳಿಸಿ, "ಸಾವಿನ ಮನೆಗೆ ಹೊರಟಿದೀವಿ" ಅಂದ.

ಯೆಶಿಯ ಕಣ್ಣು ತಾನಾಗಿಯೇ ಕೆಳಗಿಳಿಯಿತು. ಮೂರೂ ಶಾಲುಗಳ ಅಂಚು ಮೊಣಕಾಲ ಹತ್ತಿರ ನೆಟ್ಟಗೆ ಜೋತಾಡುತ್ತಿತ್ತು. ಇನ್ನೂ ಕೆಳಗೆ ನೋಡಿದರೆ ಆರೂ ಶೂಗಳು ಈಗಷ್ಟೇ ಪಾಲಿಶ್ ಆಗಿ ಮಿಂಚುತ್ತಿದ್ದವು.

"ಅಯ್ಯೋ ಪಾಪ! ಯಾರು ಹೋಗ್ಬಿಟ್ರು ಗಾಶೆ?"

"ನಮ್ಮ… ಸಂಬಂಧಿಕರು."

"ಹೆಸರು?"

ಗುಂಡಗಿನವನು ಸಣಕಲನ ಮುಖ ನೋಡಿದ.

"ಹೆಸರೇ ಗೊತ್ತಿಲ್ಲದೋರಿಗೆ ಅಳೋಕೆ ಮೂರು ಜನ ಹೊರಟಿದೀರಾ? ಅಲ್ಲಿ ಹೋಗಿ ಏನಂತ ಅಳ್ತೀರಾ, ‘ಅಯ್ಯೋ ಯಾರೋ, ಯಾರೋ’ ಅಂತಾನಾ?"

ಸಾಲು ಕಿವಿ ನಿಮಿರಿಸಿತು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಕೂಗಿದಳು, "ಶೂ ನೋಡಕ್ಕ, ಮದುವೆ ಗಂಡಿನ ತರ ಹೊಳೀತಾ ಇದೆ!"

"ಹ್ಞೂಂ ಮತ್ತೆ! ಸಾವಿನ ಸುದ್ದಿ ಕೇಳಿದ ತಕ್ಷಣ ಪಾಲಿಶ್ ಮಾಡಿಸ್ಕೊಂಡಿದಾರೆ, ಪಾಪ, ದುಃಖ ತಡೀಲಾರದೆ!" ಯೆಶಿ ಕೊಡೆಯನ್ನು ಸಾಲಿನ ಕೊನೆಯತ್ತ ಚಾಚಿದಳು. "ಹೋಗಿ ಗಾಶೆ, ಬಾಲಕ್ಕೆ ಹೋಗಿ. ಸತ್ತೋರು ಕಾಯ್ತಾರೆ, ಅವ್ರಿಗೇನೂ ಅರ್ಜೆಂಟಿಲ್ಲ."

ಸಾಲಿಗೆ ಸಾಲೇ ನಕ್ಕಿತು. ಗುಂಡಗಿನವನು ಕೆಂಪಾದ. ಎತ್ತರದ ಮುದುಕ ಮಾತ್ರ ಯೆಶಿಯನ್ನು ಒಂದು ಕ್ಷಣ ನೋಡಿ ಸಾಲಿನ ಬಾಲಕ್ಕೆ ನಡೆದ. ಉಳಿದಿಬ್ಬರೂ ಹಿಂದೆ ಹೋದರು. ಯೆಶಿ ಅಲ್ಲಿಗೆ ಅವರನ್ನು ಮರೆತಳು. ಅವಳಿಗೆ ತಿರ್ಸಿತ್ ಹೇಳಿದ್ದು ಬಿಳಿ ಕಾರು. ಬೆಹಾಯ್ಲುವಿನ ಸೋದರಮಾವನ ಬಿಳಿ ಕಾರಿನಲ್ಲಿ ಹಿರಿಯರು ಬರುತ್ತಾರೆ ಅಂತ. ಇದು ಕಾರು ಬಿಡದ ಭಾನುವಾರ ಎಂದು ಬೆಳಗಿನಿಂದ ಸಾಲಿನವರಿಗೆ ಕೂಗಿ ಹೇಳುತ್ತಿದ್ದವಳಿಗೇ, ಆ ಬಿಳಿ ಕಾರಿಗೂ ಅದು ಭಾನುವಾರವೇ ಎನ್ನುವುದು ಹೊಳೆಯಲಿಲ್ಲ.

ಸೊಲೊಮೊನ್ ಬಂದ. ಯೆಶಿ ಹಳದಿ ಅಂಗಿ ಬಿಚ್ಚಿ ಮಡಚಿ, ಸಿಕ್ಕ ಟ್ಯಾಕ್ಸಿಯಲ್ಲಿ ಡ್ರೈವರ್ ಪಕ್ಕ ಕೂತು ಗೋಫಾದ ತನ್ನ ಮನೆಗೆ ಹೊರಟಳು.

ಮನೆಯಲ್ಲಿ ಎಲ್ಲ ಸಿದ್ಧವಿತ್ತು. ಶುಭದಿನಕ್ಕೆಂದು ನೆಲಕ್ಕೆ ಹಸಿ ಹುಲ್ಲು ಹರಡಿತ್ತು, ಕಾಫಿಬೀಜ ಹುರಿಯುವ ಕೆಂಡ ಕೆಂಪಗಿತ್ತು, ಕೋಳಿ ಸಾರು ಎಣ್ಣೆ ಬಿಟ್ಟುಕೊಂಡು ಕೂತಿತ್ತು. ತಂದೆಯಿಲ್ಲದ ಮಗಳಿಗೆ ತಂದೆಯ ಜಾಗದಲ್ಲಿ ಕೂತು ಉತ್ತರ ಹೇಳಬೇಕಾದವನು ಯೆಶಿಯ ಅಣ್ಣ ಅಸ್ರಾತ್. ಶಾಲೆಯೊಂದರ ಗೇಟು ಕಾಯುವವನು. ಹೆಸರು ಕೇಳದೆ ಯಾರನ್ನೂ ಒಳಗೆ ಬಿಡದ ಅಭ್ಯಾಸ. ಬೆಳಗಿನಿಂದ ಕೋಟು ಹಾಕಿಕೊಂಡು, ಏನು ಕೇಳಬೇಕು, ಏನು ಹೇಳಬೇಕು ಎಂದು ಗೋಡೆಗೆ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದ. ಯೆಶಿ ಬಿಳಿ ಬಟ್ಟೆ ಉಟ್ಟು, ಹಬ್ಬದ ದಿನದಂತೆ ಕೂದಲಿಗೆ ಬೆಣ್ಣೆ ಸವರಿ, ಕಾರಿನ ಹಾರ್ನಿಗೆ ಕಾದಳು.

ಹಾರ್ನು ಕೇಳಲಿಲ್ಲ. ತುಂಬ ಹೊತ್ತಾದ ಮೇಲೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಯೆಶಿ ಅಡುಗೆಮನೆಯ ಪರದೆ ಸರಿಸಿ ನೋಡಿದಳು. ಆರು ಶೂಗಳು, ಈಗ ಧೂಳು ಹಿಡಿದಿದ್ದವು. ಮೇಲೆ ನೋಡಬೇಕಾದ ಅಗತ್ಯವೇ ಬೀಳಲಿಲ್ಲ. ಪರದೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ಅಮ್ಮ, ಏನಾಯ್ತು?" ತಿರ್ಸಿತ್ ಪಿಸುಗುಟ್ಟಿದಳು.

"ಅವ್ರನ್ನ ಬೆಳಿಗ್ಗೆ ಬಾಲಕ್ಕೆ ಕಳ್ಸಿದೆ."

"ಯಾರನ್ನ? ಯಾವ ಬಾಲಕ್ಕೆ?"

"ಸಾಲಿನ ಬಾಲಕ್ಕೆ ಕಣೆ! ಸುಳ್ಳು ಹೇಳಿದ್ರು, ಸಾವಿನ ಮನೆಗೆ ಹೋಗ್ತಿದೀವಿ ಅಂತ. ಬೈದು ಕಳ್ಸಿದೆ. ಎಲ್ಲರೂ ನಕ್ಕರು."

"ಅಮ್ಮಾ! ದೊಡ್ಡಜ್ಜನನ್ನ? ಬೆಹಾಯ್ಲುನ ದೊಡ್ಡಜ್ಜ ತಾಫೆಸೆ ಕಣಮ್ಮ, ಆ ಎತ್ತರದೋರು! ಅವ್ರ ಮಾತಿಗೆ ಆ ಮನೇಲಿ ಯಾರೂ ಎದುರಾಡಲ್ಲ!"

ಎತಗೆನ್ ಸೌಟು ಕೆಳಗಿಟ್ಟಳು. "ಒಂದ್ ಕೆಲ್ಸ ಮಾಡಣ. ನೀನು ಒಳಗೇ ಇರು. ಕಾಫಿ ನಾನು ತಗೊಂಡ್ ಹೋಗ್ತೀನಿ. ನಾನೇ ತಾಯಿ ಅಂದ್ಕೊಳ್ಳಲಿ."

"ಮದುವೆ ದಿನಾನೂ ನೀನೇ ತಾಯಿ ಆಗ್ತೀಯಾ? ಮೊಮ್ಮಕ್ಕಳು ಹುಟ್ಟಿದ್ಮೇಲೆ?" ಅಂದಳು ಯೆಶಿ.

"ಆಗ್ತೀನಪ್ಪ, ನಂಗೇನು!"

ಅಷ್ಟರಲ್ಲಿ ಹೊರಗೆ ಅಸ್ರಾತ್‌ನ ದನಿ ಗಂಭೀರವಾಗಿ ಎದ್ದಿತು. "ಹಿರಿಯರೇ, ಈ ಮನೆಗೆ ಯಾಕೆ ಬಂದಿರಿ?"

ಕ್ರಮದ ಪ್ರಕಾರ ಇದಕ್ಕೆ ಉತ್ತರ ತಾಫೆಸೆಯೇ ಕೊಡಬೇಕು. ಆದರೆ ಗುಂಡಗಿನವನಿಗೆ, ಅವನ ಹೆಸರು ಮೆಂಗೆಶಾ, ತಡೆಯಲಾಗಲಿಲ್ಲ. "ಬಂದಿದ್ದು ಹೇಳ್ತೀವಿ ಸ್ವಾಮಿ, ಆದ್ರೆ ಮೊದ್ಲು ತಡ ಆಗಿದ್ದಕ್ಕೆ ಕ್ಷಮಿಸ್ಬೇಕು. ಕಾರು ಬಿಡ್ಲಿಲ್ಲ, ಟ್ರಾಮಲ್ಲಿ ಬಂದ್ವಿ. ಸ್ಟೇಡಿಯಂ ಹತ್ರ ಸಾಲು ಕಾಯೋ ಹೆಂಗಸೊಬ್ಳು ಇದಾಳೆ ನೋಡಿ, ಅಬ್ಬಬ್ಬಾ! ಕೈಯಲ್ಲಿ ಕೊಡೆ, ಬಾಯಲ್ಲಿ ಕೊಡಲಿ. ಅಂಥ ನಾಲಿಗೆ ಯಾವ ಮನೆಗೆ ಸೇರಿದ್ದೋ, ಆ ಮನೆಯೋರ ಗತಿ ದೇವ್ರಿಗೇ ಗೊತ್ತು!"

ಕೊಡೆ ಎಂದ ಕೂಡಲೇ ಅಸ್ರಾತ್‌ಗೆ ಎಲ್ಲ ಅರ್ಥವಾಗಿತ್ತು. ತಂಗಿಯ ಬಗ್ಗೆ ಏನು ಬೇಕಾದರೂ ಹೇಳುವ ಹಕ್ಕು ತನಗಿದೆ, ಬೇರೆಯವರಿಗಿಲ್ಲ ಎಂಬುದು ಅವನ ನಂಬಿಕೆ. ಗಂಟಲು ಸರಿಮಾಡಿಕೊಂಡು, ಅಭ್ಯಾಸ ಮಾಡಿಟ್ಟಿದ್ದ ಮಾತುಗಳಲ್ಲಿ ಇವತ್ತು ಬೇಕಿರದಿದ್ದ ಮಾತನ್ನೇ ಆರಿಸಿ ಹೇಳಿದ. "ನಮ್ಮ ನೆಂಟರಿಷ್ಟರನ್ನ ಕೇಳ್ಬೇಕಾಗುತ್ತೆ. ಇನ್ಯಾವಾಗಾದ್ರೂ ಬನ್ನಿ."

ಹಿಂದಿನ ಕಾಲದಲ್ಲಿ ಮೊದಲ ಸಲ ಹೀಗೇ ಹೇಳಿ ಕಳಿಸುತ್ತಿದ್ದರು. ಈಗ ಯಾರೂ ಹೇಳುವುದಿಲ್ಲ, ಎಲ್ಲ ಮೊದಲೇ ಮಾತಾಗಿರುತ್ತದೆ. ಬಂದವರು ಇನ್ನೂ ಹುಡುಗಿಯ ಹೆಸರನ್ನೇ ಎತ್ತಿರಲಿಲ್ಲ.

ಪರದೆಯ ಹಿಂದೆ ತಿರ್ಸಿತ್ ಬಾಯಿಗೆ ಕೈ ಒತ್ತಿಕೊಂಡಳು. ಯೆಶಿ ಎದ್ದಳು. ಎತಗೆನ್ ಶಾಲು ಹಿಡಿದೆಳೆದರೂ ನಿಲ್ಲದೆ ಹೊರಗೆ ಬಂದು ಅಣ್ಣನ ಪಕ್ಕ ನಿಂತಳು.

"ಆ ನಾಲಿಗೆ ಈ ಮನೆಗೇ ಸೇರಿದ್ದು" ಅಂದಳು. "ಹುಡುಗಿ ತಾಯಿ ನಾನೇ."

ಮೆಂಗೆಶಾ ಸಣಕಲನ ಹಿಂದೆ ಅಡಗಲು ನೋಡಿದ. ಸಣಕಲನ ಹಿಂದೆ ಅಷ್ಟು ಜಾಗ ಇರಲಿಲ್ಲ.

ತಾಫೆಸೆ ಆವತ್ತು ಮೊದಲ ಬಾರಿಗೆ ಮಾತಾಡಿದ.

"ನೀನು ಬೈದಿದ್ದು ತಪ್ಪಲ್ಲಮ್ಮ. ಬೈಸ್ಕೊಂಡ ಕೆಲ್ಸ ನಮ್ದು. ಹೆಣ್ಣು ಕೇಳೋಕೆ ಹೊರಟೋರು ದಾರೀಲಿ ಸಾವನ್ನ ಬಾಯಿಗೆ ತಗೊಂಡ್ವಿ. ನಾನು ಆಗ್ಲೇ ತಡೀಬೇಕಿತ್ತು, ತಡೀಲಿಲ್ಲ. ಬರೋ ದಾರಿಯುದ್ದಕ್ಕೂ ಅದೇ ಕೊರೀತಿತ್ತು. ಇದೇ ಬಾಯಲ್ಲಿ ಇವತ್ತು ಹುಡುಗೀನ ಕೇಳೋದು ಬೇಡ. ನಿಮ್ಮಣ್ಣ ಹೇಳಿದ್ದೂ ಸರೀನೇ."

ತಲೆ ಬಾಗಿಸಿ ತಿರುಗಿದ. ಮೂವರೂ ಹೋಗಿಬಿಟ್ಟರು. ಮತ್ತೆ ಯಾವಾಗ ಬರುತ್ತೇವೆ ಎಂದು ಹೇಳಲಿಲ್ಲ.

"ಅವ್ರು ಇನ್ನು ಬರಲ್ಲ ಅಮ್ಮ." ತಿರ್ಸಿತ್ ಗೋಡೆಗೊರಗಿ ನಿಂತಿದ್ದಳು, ಅಳುತ್ತಿರಲಿಲ್ಲ. "ದೊಡ್ಡಜ್ಜಂಗೆ ಅಪಶಕುನ ಅನ್ಸಿದ್ರೆ ಮುಗೀತು. ಬೆಹಾಯ್ಲುನ ಅಕ್ಕಂಗೂ ಹಿಂಗೇ ಒಂದು ಸಂಬಂಧ ಮುರಿದ್ರು."

"ನಾನೇನು ತಪ್ಪು ಹೇಳ್ದೆ? ಕ್ರಮ ಹಾಗೇ ಇರೋದು!" ಅಸ್ರಾತ್ ಕೋಟಿನ ಗುಂಡಿ ಬಿಚ್ಚುತ್ತ ಗೊಣಗಿದ.

"ಬಾಯ್ಮುಚ್ಚು ಅಣ್ಣ," ಅಂದಳು ಯೆಶಿ, ಚಪ್ಪಲಿ ಹುಡುಕುತ್ತ.

ಗೋಫಾದಲ್ಲಿ ಅವಳು ಟ್ಯಾಕ್ಸಿ ಹಿಡಿಯುವಷ್ಟರಲ್ಲಿ ಮುದುಕರ ಟ್ಯಾಕ್ಸಿ ಹೊರಟುಹೋಗಿತ್ತು. ಮುಂದಿನದು ಓಣಿ ಓಣಿ ಸುತ್ತಿ, ಚೆಂಡಾಡುವ ಮಕ್ಕಳಿಗೆ ಹಾರ್ನು ಹೊಡೆದು ಹೊಡೆದು ಸ್ಟೇಡಿಯಂ ಮುಟ್ಟಿತು. ಸಾಲು ಕಾಯುತ್ತಿದ್ದ ಸೊಲೊಮೊನ್, ಬೆಣ್ಣೆ ಹಚ್ಚಿದ ತಲೆಯಲ್ಲಿ ಹಬ್ಬದ ಬಟ್ಟೆಯುಟ್ಟು ಓಡಿಬರುತ್ತಿರುವ ಯೆಶಿಯನ್ನು ನೋಡಿ "ಅಕ್ಕ, ಏನಾಯ್ತು?" ಅಂದ. ಅವಳು ನಿಲ್ಲದೆ ಮೆಟ್ಟಿಲೇರಿದಳು. ದಿನವೂ ಮೆಟ್ಟಿಲ ಬುಡದಲ್ಲೇ ನಿಲ್ಲುವವಳು ಮೇಲೆ ಹತ್ತಿ ಎಷ್ಟು ತಿಂಗಳಾಗಿತ್ತೋ. ಏದುಸಿರು ಬಂತು.

ಮೂವರೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಟಿಕೆಟ್ ಹಿಡಿದು ನಿಂತಿದ್ದರು. ಅಯಾತ್ ಕಡೆಯ ಟ್ರಾಮ್ ದೂರದಲ್ಲಿ ಕಾಣುತ್ತಿತ್ತು.

ಯೆಶಿ ಹೋಗಿ ತಾಫೆಸೆಯ ಎದುರು ನಿಂತಳು. ಅವನು ಅವಳನ್ನು, ಅವಳ ಧೂಳಾದ ಬಟ್ಟೆಯನ್ನು ನೋಡಿದ.

"ಯಾಕೆ ಬಂದೆಯಮ್ಮ?" ಅಂದ. ಕೇಳಿದ ಮೇಲೆ, ಅದು ಹೊಸ್ತಿಲಲ್ಲಿ ಕೇಳುವ ಮಾತು ಅನ್ನುವುದು ಅವನಿಗೂ ಹೊಳೆದಿರಬೇಕು, ಹುಬ್ಬು ಮೇಲೇರಿತು.

ಅವಳಿಗೂ ಹೊಳೆಯಿತು. ದಾರಿಯಲ್ಲಿ ಯೋಚಿಸಿಕೊಂಡು ಬಂದ ಕ್ಷಮೆಯ ಮಾತೆಲ್ಲ ಬಿಟ್ಟು ನೆಟ್ಟಗೆ ನಿಂತಳು. "ನಿಮ್ಮ ಹುಡುಗ ಬೆಹಾಯ್ಲುನ ನನ್ನ ಮಗಳು ತಿರ್ಸಿತ್‌ಗೆ ಕೇಳೋಕೆ ಬಂದಿದೀನಿ ಗಾಶೆ."

"ಏನಂದೆ?" ಮೆಂಗೆಶಾ ಬೆಚ್ಚಿಬಿದ್ದ. "ಹೆಣ್ಣಿನ ಕಡೆಯೋರು ಗಂಡು ಕೇಳೋದಾ? ಅದೂ ತಾಯಿ? ಅದೂ ಟ್ರಾಮ್ ಸ್ಟಾಪಲ್ಲಿ? ಎಲ್ಲಾದ್ರೂ ಉಂಟಾ ಈ ಪದ್ಧತಿ?"

"ಪಾಲಿಶ್ ಮಾಡಿಸ್ಕೊಂಡು ಸಾವಿಗೆ ಹೋಗೋ ಪದ್ಧತಿ ಎಲ್ಲುಂಟೋ ಅಲ್ಲೇ ಉಂಟು," ಅಂದ ತಾಫೆಸೆ, ಅವನ ಕಡೆ ತಿರುಗದೆ.

ಟ್ರಾಮ್ ಬಂದು ನಿಂತಿತು. ಒಳಗೆ ಕಾಲಿಡಲು ಜಾಗವಿಲ್ಲ, ಆದರೂ ಜನ ನುಗ್ಗುತ್ತಿದ್ದರು. ಮೂವರಲ್ಲಿ ಯಾರೂ ಕದಲಲಿಲ್ಲ.

"ನಿನ್ನ ಬಾಯಿ ನೆಟ್ಟಗಿದೆ," ತಾಫೆಸೆ ನಿಧಾನವಾಗಿ ಹೇಳಿದ. "ಮಗಳೂ ಹೀಗೇನಾ?"

ಯೆಶಿ ಸುಳ್ಳು ಹೇಳಬಹುದಿತ್ತು. "ನನಗಿಂತ ಜೋರು. ನನ್ನ ಮುಂದೆ ಮಾತ್ರ ಮೆತ್ತಗಿರ್ತಾಳೆ."

"ಬೆಹಾಯ್ಲು ಪಾಪದೋನು."

"ಗೊತ್ತು. ಅದಕ್ಕೇ ಒಪ್ಪಿರೋದು ಅವಳು."

ತಾಫೆಸೆ ನಗಲಿಲ್ಲ, ಆದರೆ ಮೀಸೆ ಅಲುಗಿತು. ಟ್ರಾಮು ಬಾಗಿಲು ಮುಚ್ಚಿಕೊಂಡು ಹೊರಟಿತು. ಹಿರಿಯರು ಒಬ್ಬರೇ ತೀರ್ಮಾನ ಮಾಡುವ ಹಾಗಿಲ್ಲ, ಜೊತೆಯವರನ್ನು ಕೇಳಬೇಕು. ಅವನು ಮೆಂಗೆಶಾನನ್ನು ಕೇಳಲಿಲ್ಲ. ಬೆಳಗಿನಿಂದ ಒಂದಕ್ಷರ ಆಡದ ಸಣಕಲನತ್ತ ತಿರುಗಿ, "ನೀನೇನಂತೀಯ?" ಅಂದ.

ಸಣಕಲ ತುಂಬ ಹೊತ್ತು ಯೋಚಿಸಿದ. ಆಮೇಲೆ ಯೆಶಿಯನ್ನು ಕೇಳಿದ, "ಒಳಗಿಂದ ವಾಸನೆ ಬರ್ತಿತ್ತಲ್ಲ, ಅದು ಕೋಳಿ ಸಾರಾ?"

"ಹೌದು ಗಾಶೆ."

"ಬೆಳಿಗ್ಗೆ ಉಪವಾಸದಲ್ಲೇ ಚರ್ಚಿಗೆ ಹೋಗಿದ್ದೆ. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ," ಅಂದ ಅವನು, ಅಷ್ಟೇ.

"ನನ್ನ ಕಡೆಯಿಂದ ಒಪ್ಪಿಗೆ," ಅಂದ ತಾಫೆಸೆ. "ಆದ್ರೆ ಇದು ಇಲ್ಲಿ ಮುಗಿಯೋದು ಬೇಡ. ನಿಮ್ಮಣ್ಣನ ಮುಂದೆ ಮತ್ತೆ ನಿಂತ್ಕೊಂಡು, ನಾನೇ ಬಾಯ್ಬಿಟ್ಟು ಕೇಳ್ತೀನಿ. ಮೆಂಗೆಶಾ, ನೀನು ಅಲ್ಲಿ ತುಟಿ ಬಿಚ್ಚಬೇಡ."

ನಾಲ್ವರೂ ಮೆಟ್ಟಿಲಿಳಿದರು. ಗೋಫಾ ಸಾಲು ಈಗಲೂ ಗೋಡೆಯುದ್ದಕ್ಕೂ ಮಲಗಿತ್ತು. ಸೊಲೊಮೊನ್ ಓಡಿಬಂದ. "ಬಾ ಅಕ್ಕ, ಬನ್ನಿ ಗಾಶೆ, ಮುಂದೆ ಬನ್ನಿ, ನಿಮ್ಗೆ ಯಾವ ಸಾಲು!"

ಮೆಂಗೆಶಾ ಒಂದು ಹೆಜ್ಜೆ ಮುಂದಿಟ್ಟ. ತಾಫೆಸೆಯ ಮುಖ ನೋಡಿ ಆ ಹೆಜ್ಜೆಯನ್ನು ವಾಪಸು ತೆಗೆದುಕೊಂಡ. ಯೆಶಿ ಮೂವರನ್ನೂ ಕರೆದುಕೊಂಡು ಜೋಳ ಸುಡುವವಳನ್ನು ದಾಟಿ, ಶೂ ಪಾಲಿಶ್‌ನವರನ್ನು ದಾಟಿ ಕೊನೆಗೆ ಹೋಗಿ ನಿಂತಳು. ಮುಂದಿದ್ದ ಹೆಂಗಸು ಹಿಂದೆ ತಿರುಗಿ, "ಅಯ್ಯೋ ಯೆಶಿ ಅಕ್ಕ, ನೀನು ಇಲ್ಲಿ?" ಎಂದು ಕಣ್ಣರಳಿಸಿದಳು. ಟ್ಯಾಕ್ಸಿ ಬರುವ ಲಕ್ಷಣ ಇರಲಿಲ್ಲ.

ಯೆಶಿ ಫೋನ್ ತೆಗೆದಳು.

"ಅಣ್ಣ, ಸಾರು ಮತ್ತೆ ಬಿಸಿಗಿಡೋಕೆ ಹೇಳು. ಕೋಟು ಹಾಕ್ಕೋ."

"ಯಾಕೆ? ಯಾರು ಬರ್ತಿದಾರೆ?"

"ಹಿರಿಯರು. ಹೊಸ್ತಿಲಲ್ಲಿ ಕೇಳ್ಬೇಕಾಗಿರೋದನ್ನೆಲ್ಲ ಕೇಳು, ಏನೂ ಬಿಡಬೇಡ," ಅಂದಳು. ಸಣಕಲನ ಕಡೆ ಒಮ್ಮೆ ನೋಡಿದಳು. "ಆದ್ರೆ ಬೇಗ ಬೇಗ ಕೇಳು. ಒಬ್ರಿಗೆ ತುಂಬಾ ಹಸಿವಾಗಿದೆ."